ಕೊಟ್ಟಿಗೆಯ ಸೊಳ್ಳೆ, ಮನೆಯ ಜ್ವರ

ಕೇಳುಗರಿಗೆ ನಮಸ್ಕಾರ.

ನಾಲೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಸಂಜೆ ಹೊತ್ತು ಜಗಲಿಯ ಮೇಲೆ ಕೂರಲು ಆಗುವುದಿಲ್ಲ. ಸೊಳ್ಳೆ ಹೆಚ್ಚಾಯಿತು, ಇನ್ನು ಮಲೇರಿಯಾ ಬಂದೇ ಬರುತ್ತದೆ ಎನ್ನುತ್ತಾರೆ ಜನ. ಈ ಲೆಕ್ಕ ಅಷ್ಟು ನೇರವಾಗಿಲ್ಲ. ಸೊಳ್ಳೆ ಎಷ್ಟಿದೆ ಎನ್ನುವುದರ ಜೊತೆಗೆ ಅದು ಯಾರ ರಕ್ತ ಕುಡಿಯುತ್ತದೆ, ಕುಡಿದು ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನೂ ನೋಡಬೇಕು. ಇವತ್ತು ನಾನು ಮಾತನಾಡುವುದು ಸೊಳ್ಳೆಯ ಊಟದ ವಿಚಾರ.

ಸೊಳ್ಳೆಯ ದಿನನಿತ್ಯದ ಹೊಟ್ಟೆಪಾಡು ನಡೆಯುವುದು ಹೂವಿನ ಮಕರಂದದಿಂದ, ಗಿಡಗಳ ಸಿಹಿರಸದಿಂದ. ಗಂಡು ಸೊಳ್ಳೆ ಬದುಕಿಡೀ ಅದನ್ನೇ ಕುಡಿದುಕೊಂಡಿರುತ್ತದೆ. ಹೆಣ್ಣಿಗೆ ಮಾತ್ರ ಮೊಟ್ಟೆ ಕಟ್ಟಲು ಪ್ರೋಟೀನ್ ಬೇಕು, ಅದಕ್ಕೇ ರಕ್ತ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ, ಮೈಯ ಬಿಸಿ, ಇವುಗಳ ಜಾಡು ಹಿಡಿದು ಅದು ಬರುತ್ತದೆ. ಚುಚ್ಚುವ ಸೊಂಡಿಲು ಒಂದೇ ಸೂಜಿಯಂತೆ ಕಂಡರೂ ಅದರೊಳಗೆ ಆರು ಎಳೆಗಳಿವೆ. ಕೆಲವು ಚರ್ಮ ಕೊಯ್ಯುತ್ತವೆ, ಒಂದರಲ್ಲಿ ಎಂಜಲು ಕೆಳಗಿಳಿಯುತ್ತದೆ, ಇನ್ನೊಂದರಲ್ಲಿ ರಕ್ತ ಮೇಲೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಆ ಎಂಜಲು. ಮಲೇರಿಯಾದ ಪರೋಪಜೀವಿ ನಮ್ಮ ಮೈಗೆ ಸೇರುವುದೂ ಆ ಎಂಜಲಿನ ಜೊತೆಯಲ್ಲೇ.

ನಮ್ಮ ಬಯಲುಸೀಮೆಯಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯ ಹೆಸರು ಅನಾಫಿಲೀಸ್ ಕ್ಯೂಲಿಸಿಫೇಸೀಸ್. ಮಲೆನಾಡಿನ ತೊರೆಗಳ ಬಳಿ ಬೇರೆ ಜಾತಿಯದು, ಮಂಗಳೂರಿನಂಥ ಪಟ್ಟಣದ ತೊಟ್ಟಿ ಬಾವಿಗಳಲ್ಲಿ ಮತ್ತೊಂದು. ಈ ಕ್ಯೂಲಿಸಿಫೇಸೀಸ್‌ಗೆ ನಿಜವಾಗಿ ಇಷ್ಟವಾದದ್ದು ಮನುಷ್ಯರ ರಕ್ತವಲ್ಲ, ದನದ ರಕ್ತ. ಸೊಳ್ಳೆ ಹಿಡಿಯುವ ಸಿಬ್ಬಂದಿ ಬೆಳಗಿನ ಜಾವ ಟಾರ್ಚು, ಬಾಯಲ್ಲಿ ಹೀರುವ ಗಾಜಿನ ಕೊಳವೆ ಹಿಡಿದು ಮೊದಲು ಹೋಗುವುದು ಕೊಟ್ಟಿಗೆಗೆ. "ಇಲ್ಲೇನ್ ಉಡುಕ್ತಿದ್ದೀರಿ ಸಾ, ಜ್ವರ ಬಂದಿರೋದು ಒಳ್ಗೆ ಮನ್ಗಿರೋ ಐದುಂಗೆ" ಎಂದು ಮನೆಯವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಹಿಡಿದ ಸೊಳ್ಳೆಯ ಹೊಟ್ಟೆಯ ರಕ್ತವನ್ನು ಶೋಧಕ ಕಾಗದಕ್ಕೆ ಒತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದು ದನದ್ದೋ ಮನುಷ್ಯರದ್ದೋ ಅಲ್ಲಿ ಗೊತ್ತಾಗುತ್ತದೆ. ಬಹುಪಾಲು ದನದ್ದೇ ಆಗಿರುತ್ತದೆ.

ಹಾಗಾದರೆ ಮನುಷ್ಯರಿಗೆ ಜ್ವರ ಹೇಗೆ? ಇಲ್ಲಿ ಸ್ವಲ್ಪ ಗಣಿತ ಬೇಕು. ಒಂದು ಸೊಳ್ಳೆ ಮಲೇರಿಯಾ ಹರಡಬೇಕಾದರೆ ಎರಡು ಸಲ ಮನುಷ್ಯರನ್ನು ಕಚ್ಚಬೇಕು. ಒಮ್ಮೆ ರೋಗಿಯಿಂದ ಪರೋಪಜೀವಿಯನ್ನು ಪಡೆಯಲು, ಇನ್ನೊಮ್ಮೆ ಬೇರೊಬ್ಬರಿಗೆ ಕೊಡಲು. ನಡುವೆ ಆ ಪರೋಪಜೀವಿ ಸೊಳ್ಳೆಯ ಮೈಯಲ್ಲಿ ಬೆಳೆದು ಎಂಜಲಿನ ಗ್ರಂಥಿ ಸೇರಲು ಸುಮಾರು 10ರಿಂದ 14 ದಿನ ಹಿಡಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ರಕ್ತ ಕುಡಿದು ಮೊಟ್ಟೆಯಿಡುವ ಸೊಳ್ಳೆ ಅಷ್ಟರಲ್ಲಿ ಎಷ್ಟೋ ಊಟ ಮಾಡಿರುತ್ತದೆ, ಎಷ್ಟೋ ಸೊಳ್ಳೆಗಳು ಸತ್ತೇ ಹೋಗಿರುತ್ತವೆ. ಈಗ ನೋಡಿ, ಹತ್ತು ಊಟಕ್ಕೆ ಒಂದು ಮನುಷ್ಯರದ್ದಾದರೆ, ಬೇಕಾದ ಆ ಎರಡು ಊಟವೂ ಮನುಷ್ಯರದ್ದೇ ಆಗುವ ಸಂಭವ ನೂರಕ್ಕೆ ಒಂದು. ಹತ್ತಕ್ಕೆ ಐದಾದರೆ ನೂರಕ್ಕೆ 25. ಊಟದ ರುಚಿ ಐದು ಪಟ್ಟು ನಮ್ಮ ಕಡೆ ತಿರುಗಿದರೆ ಅಪಾಯ 25 ಪಟ್ಟು ಏರುತ್ತದೆ. ಆಫ್ರಿಕಾದ ಅನಾಫಿಲೀಸ್ ಗ್ಯಾಂಬಿಯೇ ಮನುಷ್ಯರನ್ನೇ ಅರಸಿ ಬರುತ್ತದೆ. ಅಲ್ಲಿ ಮಲೇರಿಯಾ ಅಷ್ಟು ಉಗ್ರವಾಗಿರಲು ಇದೂ ಒಂದು ದೊಡ್ಡ ಕಾರಣ.

ದನದ ಮೈಯಲ್ಲಿ ಮನುಷ್ಯರ ಮಲೇರಿಯಾ ಬೆಳೆಯುವುದಿಲ್ಲ. ಹಸುವನ್ನು ಕಚ್ಚಿದ ಊಟ ರೋಗದ ಲೆಕ್ಕದಲ್ಲಿ ದಂಡ. ಹಾಗೆಂದು ಮನೆಯಲ್ಲಿ ಹಸು ಕಟ್ಟಿದರೆ ಮಲೇರಿಯಾ ಬರುವುದಿಲ್ಲ ಎಂದು ನಾನು ಹೇಳಲಾರೆ. ಹಳೆಯ ಮನೆಗಳಲ್ಲಿ ಒಂದೇ ಸೂರಿನಡಿ ಒಂದು ಪಕ್ಕ ದನ, ಒಂದು ಪಕ್ಕ ಜನ. ದನಕ್ಕೆಂದು ಬಂದ ಸೊಳ್ಳೆ ಬಾಲದ ಏಟಿಗೆ ಎದ್ದರೆ ಪಕ್ಕದಲ್ಲಿ ಮಲಗಿದವರ ಮೇಲೆ ಕೂರುತ್ತದೆ. ಕೊಟ್ಟಿಗೆ ಮನೆಯಿಂದ ಒಂದಷ್ಟು ದೂರವಿದ್ದರೇ ವಾಸಿ. ಈಗ ಟ್ರ್ಯಾಕ್ಟರ್ ಬಂದು ಎತ್ತು ಮಾರಿದ ಮನೆಗಳೂ ಇವೆ. ಎತ್ತಿಲ್ಲವೆಂದು ಸೊಳ್ಳೆ ಉಪವಾಸ ಕೂರುವುದಿಲ್ಲ.

ಮಂಡ್ಯದ ಮಟ್ಟಿಗೆ ಸೊಳ್ಳೆಯ ಸಂಖ್ಯೆಯ ಕತೆಯೂ ಇದೆ. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಒಣ ಬಯಲಿಗೆ ನೀರು ತಂದಿತು. ನೀರಿನ ಬೆನ್ನಿಗೇ ಚಳಿಜ್ವರವೂ ಬಂತು. ಆ ಕಾಲದ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ ಮಲೇರಿಯಾ ಅಧ್ಯಯನ ನಡೆಸಿತು. ಕ್ಯೂಲಿಸಿಫೇಸೀಸ್ ಹೆಚ್ಚಾಗಿ ಮೊಟ್ಟೆಯಿಡುವುದು ಆಗಷ್ಟೇ ನಾಟಿಯಾದ, ಬಿಸಿಲು ಬೀಳುವ ಗದ್ದೆಯ ತಿಳಿನೀರಿನಲ್ಲಿ, ಪೈರು ಎದ್ದು ನೆರಳಾದ ಮೇಲೆ ಕಡಿಮೆ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದೆರಡು ವಾರ ಬೇಕು. ಹಾಗಾಗಿ ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ನಿಂತಾಗ ಗದ್ದೆ ಪೂರ್ತಿ ಆರಿದರೆ ಮರಿಗಳೂ ಸಾಯುತ್ತವೆ. ತೂಬಿನ ಕೆಳಗೆ, ಬಸಿಗಾಲುವೆಯಲ್ಲಿ ನಿಂತ ಗುಂಡಿನೀರು ಉಳಿದರೆ ಆ ಲಾಭ ಅಲ್ಲಿಗೇ ಮುಗಿಯಿತು.

ಇನ್ನು, ಕುಡಿದ ಮೇಲಿನ ಮಾತು. ಸೊಳ್ಳೆ ತನ್ನ ತೂಕದ ಎರಡು ಮೂರು ಪಟ್ಟು ರಕ್ತ ಹೀರಬಲ್ಲದು. ಅನಾಫಿಲೀಸ್ ಕುಡಿಯುತ್ತಿರುವಾಗಲೇ ಹಿಂದಿನಿಂದ ಕೆಂಪು ಹನಿ ಬಿಡುವುದನ್ನು ಕಣ್ಣಾರೆ ಕಾಣಬಹುದು. ನೀರಿನಂಶ ಹೊರಹಾಕಿ ಇನ್ನಷ್ಟು ತುಂಬಿಕೊಳ್ಳುವ ಉಪಾಯ ಅದು. ಆ ಭಾರದಲ್ಲಿ ದೂರ ಹಾರಲಾರದೆ ಹತ್ತಿರದ ಗೋಡೆಗೆ ಹೋಗಿ ಕೂರುತ್ತದೆ. ಗೋಡೆಗೆ ಡಿಡಿಟಿ ಹೊಡೆದದ್ದು ಇದೇ ಕಾರಣಕ್ಕೆ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಶುರುವಾಯಿತು, 1965ರ ಹೊತ್ತಿಗೆ ದೇಶದ ಪ್ರಕರಣಗಳು ಒಂದು ಲಕ್ಷದಷ್ಟಕ್ಕೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷ ದಾಟಿದವು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡದ್ದು ಕಾರಣಗಳಲ್ಲೊಂದು. ನಮ್ಮ ಕಡೆ ರೇಷ್ಮೆ ಸಾಕುವವರಿಗೆ ಇನ್ನೊಂದು ಫಜೀತಿ: ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ, ಹುಳು ಮನೆಗೆ ಸಿಂಪಡಿಸುವಂತಿಲ್ಲ. ಅಂಥ ಊರುಗಳ ಬಾವಿಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುವುದು ಕರ್ನಾಟಕದಲ್ಲಿ ನಡೆದು ಬಂದಿದೆ.

ರಕ್ತ ಕುಡಿಯುವ ಕೀಟಗಳು ತರುವ ಬೇರೆ ರೋಗಗಳೂ ಇವೆ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಚರಂಡಿಯ ಸೊಳ್ಳೆ. ಆ ರೋಗ ನಮ್ಮಲ್ಲಿಗಿಂತ ಕಲಬುರಗಿ, ಬೀದರ್, ಕರಾವಳಿಯ ಕಡೆ ಹೆಚ್ಚು. ಅದರ ಸೂಕ್ಷ್ಮ ಹುಳುಗಳು ನಡುರಾತ್ರಿಯ ಹೊತ್ತಿಗೆ ಮೈಮೇಲಿನ ರಕ್ತನಾಳಗಳಿಗೆ ಬರುತ್ತವೆ, ಕ್ಯೂಲೆಕ್ಸ್ ಕಚ್ಚುವುದೂ ಆಗಲೇ. ಆರೋಗ್ಯ ಕಾರ್ಯಕರ್ತರು ರಾತ್ರಿ ಬಾಗಿಲು ತಟ್ಟಿ ರಕ್ತ ಕೇಳಿದರೆ ರೇಗಬೇಡಿ, ಹಗಲು ತೆಗೆದರೆ ಹುಳು ಸಿಗುವುದು ಕಷ್ಟ. ಬಿಹಾರದ ಕಾಲಾ ಅಜಾರ್ ಎಂಬ ಜ್ವರ ಹರಡುವ ಮರಳುನೊಣದ ಸಂಗತಿ ಇನ್ನೂ ವಿಚಿತ್ರ. ಪರೋಪಜೀವಿ ಅದರ ಕರುಳಿನಲ್ಲಿ ಲೋಳೆ ತುಂಬಿ ದಾರಿ ಮುಚ್ಚಿಬಿಡುತ್ತದೆ. ನೊಣ ರಕ್ತ ಹೀರಲು ಹೋದಾಗ ಆ ಲೋಳೆ ಪರೋಪಜೀವಿಗಳ ಸಮೇತ ನಮ್ಮ ಚರ್ಮದೊಳಕ್ಕೆ ಕಕ್ಕಿ ಬರುತ್ತದೆ. ಡೆಂಗ್ಯೂ ಇವುಗಳ ಸಾಲಿಗೆ ಬರುವುದಿಲ್ಲ. ಅದು ವೈರಸ್, ಕಚ್ಚುವುದು ಹಗಲಿನ ಈಡಿಸ್.

ಮನೆಯಲ್ಲಿ ಒಬ್ಬರಿಗೆ ಮಲೇರಿಯಾ ಎಂದು ಗೊತ್ತಾದರೆ ನಾವು ಏನು ಮಾಡುತ್ತೇವೆ? ಸೊಳ್ಳೆಪರದೆಯನ್ನು ಮಕ್ಕಳಿಗೆ ಕಟ್ಟಿ ರೋಗಿಯನ್ನು ಹೊರಗೆ ಪಡಸಾಲೆಯಲ್ಲಿ ಮಲಗಿಸುತ್ತೇವೆ. ಪರದೆ ರೋಗಿಗೂ ಬೇಕು, ಸೊಳ್ಳೆಯ ಆ ಮೊದಲನೆಯ ಊಟ ತಪ್ಪಿಸಲು. ನಮ್ಮಲ್ಲಿ ಮಲೇರಿಯಾದ ಮುಖ್ಯ ಬಗೆಗಳು ಎರಡು, ಫಾಲ್ಸಿಪಾರಂ ಮತ್ತು ವೈವ್ಯಾಕ್ಸ್. ಫಾಲ್ಸಿಪಾರಂ ಮಲೇರಿಯಾದಲ್ಲಿ ಜ್ವರ ಬಿಟ್ಟ ಮೇಲೂ ಸೊಳ್ಳೆಗೆ ಸೋಂಕು ತಗಲಿಸುವ ರೂಪ ರಕ್ತದಲ್ಲಿ ಕೆಲವು ವಾರ ಉಳಿಯಬಹುದು. ಅದನ್ನು ಕೊಲ್ಲಲು ಪ್ರೈಮಾಕ್ವಿನ್ ಮಾತ್ರೆ ಕೊಡುತ್ತಾರೆ. ವೈವ್ಯಾಕ್ಸ್ ಆದರೆ ಪಿತ್ತಜನಕಾಂಗದಲ್ಲಿ ಅಡಗಿದ್ದನ್ನು ಕೊಲ್ಲಲು ಅದೇ ಮಾತ್ರೆಯನ್ನು 14 ದಿನ ನುಂಗಬೇಕು. ಗರ್ಭಿಣಿಯರಿಗೆ, ಎಳೆಗೂಸುಗಳಿಗೆ ಅದನ್ನು ಕೊಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಮಿಕ್ಕ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡದೆ, ರಕ್ತ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ನಮಸ್ಕಾರ.