ಕಾರವಾರದಲ್ಲಿ ಕೂತು ಸಿನಿಮಾ ಬರೆಯೋದು

ಕಾರವಾರದಿಂದ ಬೆಂಗಳೂರಿಗೆ 500 ಕಿಲೋಮೀಟರ್‌ಗಿಂತ ಜಾಸ್ತಿ. ಪಣಜಿಗೆ ಸುಮಾರು 100. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗ್ತದೆ.

ಸಿನಿಮಾ ಮಾಡ್ಬೇಕು ಅಂತ ಆಸೆ ಇರೋ ನಮ್ಮ ಕಡೆ ಹುಡುಗ ಹುಡುಗಿಯರು ಮೆಸೇಜ್ ಮಾಡ್ತಾರೆ. ಅಂಕೋಲಾದಿಂದ, ಕುಮಟಾದಿಂದ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಿಂದ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಅಣ್ಣಾ, ಗಾಂಧಿನಗರಕ್ಕೆ ಹೋಗ್ಲೇಬೇಕಾ? ಅಲ್ಲಿ ಯಾರ ಹತ್ರ ಸೇರ್ಕೊಳ್ಳೋದು?"

ನಾನು ಹೋಗಿದ್ದೆ. ಕೆಲವು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿ ದುಡಿದಿದ್ದೇನೆ. ಕ್ಲ್ಯಾಪ್ ಹೊಡೆಯೋದು, ಕಂಟಿನ್ಯುಟಿ ಬರೆಯೋದು, ಹಿಂದಿನ ಶಾಟ್‌ನಲ್ಲಿ ಅಂಗಿಯ ತೋಳು ಎಲ್ಲಿವರೆಗೆ ಮಡಚಿತ್ತು ಅಂತ ಗುರುತು ಹಾಕಿಕೊಳ್ಳೋದು, ಬೆಳಗಿನ ಜಾವ ಜೂನಿಯರ್ ಆರ್ಟಿಸ್ಟ್‌ಗಳ ಬಸ್ ಬಂತಾ ಅಂತ ರಸ್ತೆಗೆ ಬಂದು ನೋಡೋದು. ಒಂದು ಸಿನಿಮಾದಲ್ಲಿ ಕೊನೆಯ ತಿಂಗಳ ಸಂಬಳ ಬರಲೇ ಇಲ್ಲ. ಆದ್ರೂ ನೂರು ಜನರ ಸೆಟ್ ಹೇಗೆ ನಡೀತದೆ, ಒಂದು ಗಂಟೆ ತಡ ಆದ್ರೆ ಯಾರ ಜೇಬಿಗೆ ಎಷ್ಟು ಬೀಳ್ತದೆ ಅನ್ನೋದನ್ನ ಕಲಿತದ್ದು ಅಲ್ಲೇ. ಹೋಗೋ ಅವಕಾಶ ಇದ್ದವರು ಒಂದು ಸಿನಿಮಾದಲ್ಲಾದ್ರೂ ಕೆಲಸ ಮಾಡಿ ಬನ್ನಿ. ಅಲ್ಲಿ ಸಿಗದೇ ಇದ್ದದ್ದು ಒಂದೇ, ಬರೆಯೋಕೆ ಹೊತ್ತು. ರಾತ್ರಿ ರೂಮಿಗೆ ಬಂದ್ರೆ ಊಟ ಮಾಡಿ ಮಲಗಿದ್ರೆ ಸಾಕು ಅನ್ನಿಸ್ತಿತ್ತು.

ಸ್ವತಂತ್ರವಾಗಿ ಸಿನಿಮಾ ಮಾಡೋನ ವೃತ್ತಿಯಲ್ಲಿ ಮುಕ್ಕಾಲು ಪಾಲು ಬರವಣಿಗೆ. ಶೂಟಿಂಗ್ ಅಂದ್ರೆ ಮೂವತ್ತು, ನಲವತ್ತು ದಿನ. ಅದರ ಹಿಂದೆ ಎರಡು ಮೂರು ವರ್ಷದ ಡ್ರಾಫ್ಟ್‌ಗಳು ಇರ್ತವೆ. ಕ್ಯಾಮೆರಾಕ್ಕೆ ಬಾಡಿಗೆ ಬೇಕು, ನಟರ ಡೇಟ್ ಬೇಕು, ಹುಡುಗರಿಗೆ ಬಾಟಾ, ಅಂದ್ರೆ ದಿನಭತ್ಯೆ ಕೊಡ್ಬೇಕು. ಬರೆಯೋಕೆ ಮಾತ್ರ ಯಾರ ಒಪ್ಪಿಗೆಯೂ ಬೇಡ. ಹಾಗಿದ್ಮೇಲೆ ಆ ಎರಡು ಮೂರು ವರ್ಷವನ್ನ ಖರ್ಚು ಕಡಿಮೆ ಇರೋ ಊರಲ್ಲಿ, ಕಥೆ ಕಣ್ಣೆದುರಿಗೇ ನಡೀತಾ ಇರೋ ಜಾಗದಲ್ಲಿ ಕಳೀಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ನಾನು ವಾಪಸ್ ಬಂದೆ.

ಈ ಜಿಲ್ಲೆಯಿಂದ ಸಿನಿಮಾಕ್ಕೆ ಹೋದವರ ದಾರಿ ನೋಡಿ. ಗಿರೀಶ್ ಕಾರ್ನಾಡರ ಬಾಲ್ಯ ಶಿರಸಿಯಲ್ಲಿ ಕಳೀತು, ಯಕ್ಷಗಾನ ಮತ್ತು ಕಂಪನಿ ನಾಟಕ ನೋಡಿ ಬೆಳೆದವರು. ಸಿನಿಮಾಕ್ಕೆ ಅವರು ಬಂದದ್ದೇ 1970ರ 'ಸಂಸ್ಕಾರ'ಕ್ಕೆ ಚಿತ್ರಕಥೆ ಬರೆದು, ಅದರಲ್ಲಿ ಮುಖ್ಯ ಪಾತ್ರ ಮಾಡಿ. ಬಿ.ವಿ. ಕಾರಂತರ ಜೊತೆಗೂಡಿ ನಿರ್ದೇಶನಕ್ಕೆ ಇಳಿದದ್ದು ಅದರ ನಂತರ. ಹೊನ್ನಾವರ ಸೀಮೆಯ ಶಂಕರ್ ನಾಗ್ ಮುಂಬೈ ರಂಗಭೂಮಿ ಸುತ್ತಿ ಬಂದವರು. 1978ರಲ್ಲಿ ಕಾರ್ನಾಡರದ್ದೇ ಸಿನಿಮಾದಲ್ಲಿ ನಟ, 1980ಕ್ಕೆ ನಿರ್ದೇಶಕ. 1990ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 35. ಅಷ್ಟರಲ್ಲಿ ಅವರು ಮಾಡಿ ಹೋದ ಕೆಲಸ ನೆನೆಸಿಕೊಂಡ್ರೆ ನನಗೆ ಇವತ್ತಿಗೂ ಮೈ ಜುಂ ಅನ್ನತ್ತೆ.

ಅವರಿಬ್ಬರ ಕಾಲ ಬೇರೆ ಅಂತೀರಾ? ಹಾಗಾದ್ರೆ ನಮ್ಮ ಘಟ್ಟದ ಮೇಲಿನ ನಟೇಶ್ ಹೆಗಡೆಯವರನ್ನ ನೋಡಿ. 'ಪೆದ್ರೋ' ಅವರ ಮೊದಲ ಪೂರ್ಣ ಪ್ರಮಾಣದ ಸಿನಿಮಾ. ತಮಗೆ ಗೊತ್ತಿರೋ ಕಾಡು, ಗದ್ದೆ, ಮಳೆಯ ನಡುವೆ ಮಾಡಿದ್ದು. ಪೆದ್ರೋ ಪಾತ್ರಕ್ಕೆ ಸ್ವಂತ ತಂದೆಯನ್ನೇ ನಿಲ್ಲಿಸಿದ್ರು. 2021ರಲ್ಲಿ ಅದು ಬೂಸಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯ್ತು. ಅವರ ಮುಂದಿನ ಸಿನಿಮಾ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್ ಉತ್ಸವದ ಫೋರಂ ವಿಭಾಗಕ್ಕೆ. ಮಂಡ್ಯದ ಹಳ್ಳಿಯೊಂದರಲ್ಲಿ, ಅಲ್ಲಿನ ಜನರನ್ನೇ ಇಟ್ಟುಕೊಂಡು ಮಾಡಿದ 'ತಿಥಿ'ಗೆ 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಬಂತು. ಅದನ್ನ ಬರೆದ ಈರೇಗೌಡರು ಆ ಊರಿನವರೇ. ಅಸ್ಸಾಮಿನ ರೀಮಾ ದಾಸ್ ತಮ್ಮ ಹಳ್ಳಿಯಲ್ಲಿ ಕ್ಯಾಮೆರಾನೂ ತಾವೇ ಹಿಡಿದು, ಎಡಿಟಿಂಗೂ ತಾವೇ ಮಾಡಿ ರಾಷ್ಟ್ರಪ್ರಶಸ್ತಿ ತಗೊಂಡ್ರು. ಇವರೆಲ್ಲರೂ ತಮಗೆ ಒಳಗಿಂದ ಗೊತ್ತಿದ್ದ ಊರನ್ನ ಬರೆದವರು.

ಸರಿ, ಹೊಟ್ಟೆಪಾಡು? ನವೆಂಬರ್‌ನಿಂದ ಮೇ ತನಕ ನಾನು ಮದುವೆ ವಿಡಿಯೋ ಮಾಡ್ತೇನೆ. ಹೋಮ್‌ಸ್ಟೇಗಳಿಗೆ ಡ್ರೋನ್ ಶಾಟ್, ರಾತ್ರಿ ಯಕ್ಷಗಾನ ಇದ್ರೆ ಯೂಟ್ಯೂಬ್ ಲೈವ್. ಈ ಕೆಲಸದ ಬಗ್ಗೆ ಯಾರೂ ಕೀಳಾಗಿ ಮಾತಾಡಬೇಡಿ. ಧಾರೆಯ ನೀರು ಒಂದೇ ಸಲ ಬೀಳೋದು, ರೀಟೇಕ್ ಇಲ್ಲ. ಕ್ಯಾಮೆರಾ ಎಲ್ಲಿ ನಿಲ್ಲಿಸ್ಬೇಕು ಅನ್ನೋ ತೀರ್ಮಾನ ಕ್ಷಣದಲ್ಲಿ ಆಗ್ಬೇಕು. ಮಳೆ ಹಿಡಿದ ಮೇಲೆ ಮದುವೆ ಇಲ್ಲ, ಟೂರಿಸ್ಟ್ ಇಲ್ಲ. ಲೆನ್ಸ್‌ಗಳನ್ನ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡ್ತೇನೆ, ಇಲ್ಲಾಂದ್ರೆ ನಮ್ಮ ಹವೆಗೆ ಫಂಗಸ್ ಗ್ಯಾರಂಟಿ. ಆಮೇಲೆ ಸೆಪ್ಟೆಂಬರ್ ತನಕ ಬರವಣಿಗೆ.

ಬರವಣಿಗೆ ಅಂದ್ರೆ ಏನು ಅಂತ ಒಂದು ಸೀನ್ ಹಿಡಿದು ತೋರಿಸ್ತೇನೆ. ನನ್ನ ಈಗಿನ ಸ್ಕ್ರಿಪ್ಟ್‌ನಲ್ಲಿ ಮೀನು ಮಾರೋ ಒಬ್ಬಳು ಹೆಂಗಸು, ಮಗಳ ಕಾಲೇಜ್ ಫೀಸ್‌ಗೆ ದುಡ್ಡು ಬೇಕಂತ ಸಂಬಂಧಿ ಮನೆಗೆ ಬರ್ತಾಳೆ. ಮೊದಲ ಡ್ರಾಫ್ಟ್‌ನಲ್ಲಿ ಅವಳು ಬಂದು ಕೂತು ಕಷ್ಟ ಹೇಳಿಕೊಳ್ತಾಳೆ, ಆಚೆಯವಳು ಯೋಚನೆ ಮಾಡ್ತಾಳೆ, ಕೊಡ್ತಾಳೆ. ಎರಡು ಪುಟ. ಆ ಪಾತ್ರಕ್ಕೆ ನಾನು ಮನಸ್ಸಲ್ಲಿಟ್ಟುಕೊಂಡಿದ್ದು ನಿಜವಾಗಿ ಮೀನು ಮಾರೋ ಒಬ್ಬರು ಅಕ್ಕನನ್ನ. ಅವರೆದುರು ಕೂತು ಓದಿದೆ. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ಸಾಲ ಕೇಳೂಕೆ ಬಂದದ್ದು ಸಾಲದ ಮಾತು ಎತ್ತೂದಿಲ್ಲ ತಮಾ. ಬಂಗಡೆ ಇವತ್ತು ಎಷ್ಟಕ್ಕೆ ಹೋಯ್ತು ಹೇಳಿ ಸುರು ಮಾಡ್ತದೆ."

ಆ ಒಂದು ಮಾತಿಗೆ ಸೀನ್ ಪೂರ್ತಿ ಬದಲಾಯ್ತು. ಈಗ ಇಬ್ಬರೂ ಮೀನಿನ ರೇಟ್ ಮಾತಾಡ್ತಾರೆ, ಬರ್ಫ ತುಟ್ಟಿ ಆದದ್ದು ಮಾತಾಡ್ತಾರೆ, ಯಾರದ್ದೋ ಮನೆ ಗೃಹಪ್ರವೇಶ ಮಾತಾಡ್ತಾರೆ. ಸಾಲ ಅನ್ನೋ ಸುದ್ದಿಯೇ ಇಲ್ಲ. ಹೊರಡುವಾಗ ಆಚೆಯವಳು ಒಳಗೆ ಹೋಗಿ ಬಂದು, ಮಡಚಿದ ನೋಟುಗಳನ್ನ ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆಯಡಿ ತುರುಕ್ತಾಳೆ, "ನಾಳೆ ಇಸಣ ಇದ್ರೆ ತಕಂಬಾ" ಅಂತಾಳೆ (ಇಸಣ ಅಂದ್ರೆ ಅಂಜಲ್ ಮೀನು). ಮುಕ್ಕಾಲು ಪುಟ. ಬೆಂಗಳೂರಿನ ರೂಮಿನಲ್ಲಿ ಕೂತಿದ್ರೆ ಈ ಮುಕ್ಕಾಲು ಪುಟ ನನಗೆ ಸಿಗ್ತಿರಲಿಲ್ಲ.

ಹಾಗಾಗಿ ನಾನು ಈಗ ಎಲ್ಲಾ ಡೈಲಾಗನ್ನೂ ಬರೆದು ಮುಗಿಸೋದಿಲ್ಲ. ತಾಳಮದ್ದಳೆಯಲ್ಲಿ, ಅಂದ್ರೆ ವೇಷ, ಕುಣಿತ ಇಲ್ಲದೆ ಕೂತು ಆಡೋ ಯಕ್ಷಗಾನದಲ್ಲಿ, ಪ್ರಸಂಗದ ಪದ್ಯ ಗಟ್ಟಿ ಇರ್ತದೆ, ಅರ್ಥ ಹೇಳೋರು ಮಾತನ್ನ ಅಲ್ಲೇ ಕಟ್ತಾರೆ. ಹಾಗೆ ಸೀನ್ ಎಲ್ಲಿ ಶುರುವಾಗಿ ಎಲ್ಲಿಗೆ ಮುಟ್ಟಬೇಕು ಅನ್ನೋದನ್ನ ಮಾತ್ರ ಬಿಗಿಯಾಗಿ ಬರೆದಿಟ್ಟು, ಮಾತನ್ನ ರಿಹರ್ಸಲ್‌ನಲ್ಲಿ ಹಿಡಿಯೋದು. ರಿಹರ್ಸಲ್ ಯಾವಾಗ? ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. 61 ದಿನ ಟ್ರಾಲರ್‌ಗಳೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿ ನಿಂತಿರ್ತವೆ, ಜನ ಊರಲ್ಲಿ ಸಿಗ್ತಾರೆ. ಆಗಸ್ಟ್ ಬಂತು ಅಂದ್ರೆ ಒಬ್ಬರೂ ಸಿಗೋದಿಲ್ಲ.

ಊರು ಗೊತ್ತಿದ್ರೆ ಖರ್ಚೂ ಪುಟದ ಮೇಲೇ ಇಳೀತದೆ. ಸ್ಕ್ರಿಪ್ಟ್‌ನ ಒಂದು ಪುಟ ತೆರೆ ಮೇಲೆ ಸುಮಾರು ಒಂದು ನಿಮಿಷ ಅನ್ನೋದು ರೂಢಿಯ ಲೆಕ್ಕ. 90 ಪುಟದ ಸ್ಕ್ರಿಪ್ಟ್ 30 ದಿನದಲ್ಲಿ ಮುಗೀಬೇಕಂದ್ರೆ ದಿನಕ್ಕೆ ಮೂರು ಪುಟ. ದಂಡೆ ಮೇಲೆ ಸಿಂಕ್ ಸೌಂಡ್‌ನಲ್ಲಿ, ಅಂದ್ರೆ ಶೂಟ್ ಮಾಡುವಾಗಲೇ ಧ್ವನಿ ಹಿಡಿದು, ಮೂರು ಪುಟ ಮಾತು ತೆಗೆಯೋದು ಎಷ್ಟು ಕಷ್ಟ ಗೊತ್ತಾ? ಭರತ (ಕಡಲಿನ ಉಬ್ಬರ) ಏರ್ತಾ ಇದ್ದ ಹಾಗೆ ಅಲೆಯ ಸದ್ದು ಬದಲಾಗ್ತದೆ. ಹತ್ತು ಗಂಟೆಯ ಶಾಟನ್ನ ಹನ್ನೆರಡರ ಶಾಟ್‌ಗೆ ಜೋಡಿಸಿದ್ರೆ ಕಟ್ ಎಲ್ಲಿದೆ ಅನ್ನೋದು ಕಿವಿಗೆ ಗೊತ್ತಾಗಿಬಿಡ್ತದೆ. ಮೈಕ್‌ಗೆ ಕೂದಲಿನ ಕವರ್ ಹಾಕಿದ್ರೂ ಮಧ್ಯಾಹ್ನದ ಕಡಲಗಾಳಿ ನುಗ್ಗತ್ತೆ. ಆದ್ದರಿಂದ ನಾನು ಮಾತಿನ ಸೀನ್‌ಗಳನ್ನ ಮನೆಯೊಳಗೆ ಬರೀತೇನೆ, ಕಡಲ ಸದ್ದನ್ನ ಬೇರೆಯಾಗಿ ರೆಕಾರ್ಡ್ ಮಾಡಿ ಕೂಡಿಸ್ತೇನೆ. ರಂಪಣಿ ಬಲೆ ಎಳೆಯೋ ಸೀನ್‌ನಲ್ಲಿ ಡೈಲಾಗ್ ಇಲ್ಲ. ಎರಡೂ ತುದಿಯ ಜನ ಹಗ್ಗ ಎಳೀತಾ ಹತ್ತಿರ ಬರೋದೇ ಸೀನ್. ತಗಡಿನ ಮಾಡಿನ ಮೇಲೆ ಮಳೆ ಹೊಡೀವಾಗ ಯಾರೂ ಮಾತಾಡೋದಿಲ್ಲ, ನಿಜ ಜೀವನದಲ್ಲೂ ನಾವು ಆಗ ಕೂಗಬೇಕಷ್ಟೇ.

ಸ್ಕ್ರಿಪ್ಟ್ ಆಯ್ತು. ಈಗ ಆ 100 ಕಿಲೋಮೀಟರ್ ವಿಷಯ. 2004ರಿಂದ ದೇಶದ ಅಂತರರಾಷ್ಟ್ರೀಯ ಚಿತ್ರೋತ್ಸವ ಗೋವಾದಲ್ಲಿ ನಡೀತಾ ಇದೆ. 2007ರಿಂದ ಅದರ ಜೊತೆಗೇ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದವರ (ಎನ್‌ಎಫ್‌ಡಿಸಿ) ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್, ಈಗ ವೇವ್ಸ್ ಫಿಲ್ಮ್ ಬಜಾರ್ ಅನ್ನೋ ಹೆಸರಲ್ಲಿ. ನವೆಂಬರ್‌ನಲ್ಲಿ ಹೊರದೇಶದ ನಿರ್ಮಾಪಕರು, ಉತ್ಸವಗಳಿಗೆ ಸಿನಿಮಾ ಆರಿಸೋರು ಪಣಜಿಗೆ ಬಂದಿರ್ತಾರೆ. ಬೆಳಿಗ್ಗೆ ಬಸ್ ಹತ್ತಿದ್ರೆ ಕಾಣಕೋಣ, ಮಡಗಾಂವ್ ದಾಟಿ ಊಟದ ಹೊತ್ತಿಗೆ ಮೊದಲು ನಾವು ಅಲ್ಲಿ. ಸ್ಕ್ರಿಪ್ಟ್ ಹಂತದಲ್ಲಿದ್ರೆ ಸಹನಿರ್ಮಾಣ ವಿಭಾಗ, ರಫ್ ಕಟ್ (ಮೊದಲ ಹಂತದ ಎಡಿಟ್) ಇದ್ರೆ ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬ್, ಸಿನಿಮಾ ಮುಗಿದಿದ್ರೆ ವ್ಯೂಯಿಂಗ್ ರೂಮ್. ಒಂದು ಪುಟದ ಸಾರಾಂಶ, ನಿರ್ದೇಶಕರ ಟಿಪ್ಪಣಿ, ಬಜೆಟ್, ಈ ಮೂರು ಗಟ್ಟಿ ಇರಲಿ. ನನ್ನನ್ನ ಅಲ್ಲಿ ಮತ್ತೆ ಮತ್ತೆ ಕೇಳಿದ್ದು ಎರಡು ಪ್ರಶ್ನೆ: ಈ ಕಥೆಯನ್ನ ನೀವೇ ಯಾಕೆ ಹೇಳ್ಬೇಕು? ಕೈಯಲ್ಲಿ ಈಗ ಎಷ್ಟು ದುಡ್ಡಿದೆ? ಮೊದಲನೆಯದಕ್ಕೆ ಊರಲ್ಲಿ ಕಳೆದ ವರ್ಷಗಳೇ ಉತ್ತರ. ಎರಡನೆಯದಕ್ಕೆ ನಿಜ ಹೇಳಿ.

ದುಡ್ಡಿನ ಬೇರೆ ದಾರಿಗಳೂ ಇವೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ ಸ್ಕ್ರಿಪ್ಟ್ ಬೆಳೆಸೋ ಹಂತಕ್ಕೇ 10,000 ಯೂರೋ ಕೊಡ್ತದೆ. ಅಂದ್ರೆ ಬರವಣಿಗೆಗೆ ಸಂಬಳ! ಪವನ್ ಕುಮಾರ್ 2013ರ 'ಲೂಸಿಯಾ'ವನ್ನ ಪ್ರೇಕ್ಷಕರಿಂದಲೇ ದುಡ್ಡು ಎತ್ತಿ ಮಾಡಿ ತೋರಿಸಿದ್ರು. ರಾಜ್ಯ ಸರ್ಕಾರದ ಸಹಾಯಧನ ಬರೋದು ಸಿನಿಮಾ ಮುಗಿದ ಮೇಲೆ. ಅದನ್ನ ನಂಬಿ ಸಾಲ ಮಾಡಬೇಡಿ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಣಿ, ಸೆನ್ಸಾರ್, ಡಿಸಿಪಿ (ಥಿಯೇಟರ್‌ಗೆ ಕೊಡೋ ಡಿಜಿಟಲ್ ಪ್ರತಿ) ಇವೆಲ್ಲ ಕ್ರಮವಾಗಿ ಆಗೋ ಕೆಲಸ, ಅದಕ್ಕೆ ಬೇರೆ ವಿಡಿಯೋ ಮಾಡ್ತೇನೆ.

ಒಂದು ವಿಷಯ ಮಾತ್ರ ಈಗಲೇ ಹೇಳ್ಬೇಕು. ಯಾರಿಗಾದ್ರೂ ನರೇಷನ್ ಕೊಡೋ, ಅಂದ್ರೆ ಕಥೆ ಹೇಳೋ ಮೊದಲು ಸ್ಕ್ರಿಪ್ಟನ್ನ ನೋಂದಾಯಿಸಿ. ಬರೆದ ಕೂಡಲೇ ಹಕ್ಕು ನಿಮ್ಮದೇ, ಆದ್ರೆ ಜಗಳ ಬಂದಾಗ ತಾರೀಖು ಇರೋ ಕಾಗದ ಬೇಕು. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಆನ್‌ಲೈನ್‌ನಲ್ಲೇ ಆಗ್ತದೆ. ಕಥೆ, ಚಿತ್ರಕಥೆ, ಸಂಭಾಷಣೆ ಮೂರೂ ಬೇರೆ ಬೇರೆ ಕ್ರೆಡಿಟ್. ಕರಾರಿನಲ್ಲಿ ಮೂರನ್ನೂ ಬೇರೆಯಾಗಿಯೇ ಬರೆಸಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಚಿತ್ರಮಂದಿರದ ಹೊರಗಿನ ಬಳಕೆಗೆ ಬರಹಗಾರರಿಗೆ ರಾಯಲ್ಟಿಯ ಹಕ್ಕಿದೆ, ಅದನ್ನ ಬರೆದುಕೊಡು ಅಂತ ಯಾರೂ ಕೇಳೋ ಹಾಗಿಲ್ಲ. ನಮ್ಮ ಹುಡುಗರು ಸಂಕೋಚಕ್ಕೆ ಬಿದ್ದು ಸಹಿ ಹಾಕಿಬಿಡ್ತಾರೆ. ದಯವಿಟ್ಟು ಓದಿ, ಓದಿಸಿ, ಆಮೇಲೆ ಸಹಿ ಮಾಡಿ.

ಈ ಮಳೆಗಾಲದಲ್ಲಿ ಶಿರಸಿಯಲ್ಲಿ ಕೆಲವು ಗೆಳೆಯರು ಸೇರಿ ಸ್ಕ್ರಿಪ್ಟ್ ಓದೋ ಕೂಟ ಮಾಡ್ತಿದ್ದೇವೆ. ಬರೋರು ಒಂದೇ ಸೀನ್ ಬರೆದು ತನ್ನಿ, ಎರಡು ಪುಟ ಮೀರದ ಹಾಗೆ. ಇಬ್ಬರು ಇರ್ಬೇಕು, ಒಬ್ಬರಿಗೆ ಇನ್ನೊಬ್ಬರಿಂದ ಏನೋ ಬೇಕಾಗಿರ್ಬೇಕು, ಅದನ್ನ ಯಾರೂ ಬಾಯಿಬಿಟ್ಟು ಹೇಳ್ಬಾರದು. ಕನ್ನಡ, ಹವ್ಯಕ, ಹಾಲಕ್ಕಿ, ಕೊಂಕಣಿ, ನಿಮ್ಮ ಮನೆಯಲ್ಲಿ ಏನು ಆಡ್ತೀರೋ ಅದರಲ್ಲೇ ಬರಲಿ. ದಿನ ಮತ್ತು ಜಾಗ ಕೆಳಗೆ ಹಾಕಿರ್ತೇನೆ.