ಚೀಟಿಯ ಕಟ್ಟಿನಿಂದ ಪಟೋರದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ. ಬಾನುಲಿಯಲ್ಲಿ ಕಂಪ್ಯೂಟರಿನ ಕೋಡನ್ನು ತೋರಿಸಲು ಬರುವುದಿಲ್ಲ. ಆದುದರಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಕೃಷಿಕರ ಮನೆಗಳಲ್ಲಿ ಮೊಳೆಗೆ ಚುಚ್ಚಿಟ್ಟಿರುವ ಅಡಕೆ ಮಾರಿದ ಚೀಟಿಗಳ ಕಟ್ಟನ್ನೇ ಮುಂದಿಟ್ಟುಕೊಂಡು ಇಂದಿನ ವಿಷಯವನ್ನು, ಅಂದರೆ ಅನೇಕ ದಾಖಲೆಗಳಿಂದ ಒಂದೇ ಬಾಬನ್ನು ಹೆಕ್ಕಿ ತೆಗೆಯುವ ಬಗೆಯನ್ನು, ಹೇಳುತ್ತೇನೆ. ಒಂದೊಂದು ಚೀಟಿಯಲ್ಲಿಯೂ ತಾರೀಕೂ, ಹೊಸ ಅಡಕೆ, ಪಟೋರ, ಕರಿಗೋಟು ಎಂಬ ಅಡಕೆಯ ದರ್ಜೆಗಳ ತಲೆಬರಹಗಳೂ ಅವುಗಳ ಎದುರು ತೂಕವೂ ಇರುತ್ತವೆ. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇಂತಹ ಒಂದು ಚೀಟಿಗೆ ಆಬ್ಜೆಕ್ಟ್ ಎಂದೂ, ಅದರೊಳಗಿನ ತಲೆಬರಹಕ್ಕೆ ಪ್ರಾಪರ್ಟಿ ಎಂದೂ, ಚೀಟಿಗಳನ್ನು ಕ್ರಮವಾಗಿ ಪೋಣಿಸಿದ ಕಟ್ಟಿಗೆ ಅರೇ ಎಂದೂ ಹೆಸರು. ನಮ್ಮ ಮನೆಯ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ನನಗೆ ತಿಳಿಯಬೇಕಾಗಿದ್ದುದು, ವರ್ಷದಲ್ಲಿ ಹೋದ ಪಟೋರ ಒಟ್ಟು ಎಷ್ಟು ಕಿಲೊ ಎಂಬುದೊಂದೇ.

1995ರಲ್ಲಿ ಬ್ರೆಂಡನ್ ಐಕ್ ಅವರು ರೂಪಿಸಿದ ಈ ಭಾಷೆಯಲ್ಲಿ ಮೊದಮೊದಲು ಇಂತಹ ಕೆಲಸಕ್ಕೆ ಖಾಲಿ ಅರೇ ಒಂದನ್ನು ಇಟ್ಟುಕೊಂಡು, ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆ, ಬರೆದು, ಪ್ರತಿಯೊಂದು ಚೀಟಿಯನ್ನೂ ತೆರೆದು ಬೇಕಾದುದನ್ನು ಎತ್ತಿಹಾಕಬೇಕಾಗಿತ್ತು. 2009ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಅರೇಯ ಒಂದೊಂದು ಚೀಟಿಗೂ ಹೇಳಿದ ಕೆಲಸವನ್ನು ಮಾಡುವ ‘ಮ್ಯಾಪ್’ ಎಂಬ ಮೆಥಡ್, ಅಂದರೆ ಸಿದ್ಧ ಆಜ್ಞೆ, ಭಾಷೆಯ ಪ್ರಮಾಣಗ್ರಂಥವನ್ನು ಸೇರಿತು. 2015ರ ಆವೃತ್ತಿಯಲ್ಲಿ ಬಾಣದ ಗುರುತಿನಿಂದ ಬರೆಯುವ ಕಿರು ಫಂಕ್ಷನ್, ಅಂದರೆ ಮಾಡಬೇಕಾದ ಕೆಲಸದ ಸೂಚನೆ, ಬಂದಿತು. ಈಗ ‘ಚೀಟಿಗಳು, ಚುಕ್ಕೆ, ಮ್ಯಾಪ್’ ಎಂದು ಬರೆದು, ಆವರಣದೊಳಗೆ ‘ಚೀಟಿ, ಬಾಣ, ಚೀಟಿ, ಚುಕ್ಕೆ, ಪಟೋರ’ ಎಂದರೆ ಸಾಕು. ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದರೂ ಭಾಷೆ ಒಪ್ಪಿಕೊಳ್ಳುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ‘ಹೊಸ ಅಡಕೆ’ಯಂತೆ ನಡುವೆ ತೆರಪಿರುವ ಹೆಸರನ್ನು ಮಾತ್ರ ಚುಕ್ಕೆಯ ಬದಲು ಚೌಕ ಆವರಣದಲ್ಲಿ, ಉದ್ಧರಣ ಚಿಹ್ನೆಗಳ ಒಳಗೆ ಬರೆಯಬೇಕು.

ಮ್ಯಾಪ್ ಮೂಲ ಕಟ್ಟನ್ನು ಮುಟ್ಟುವುದಿಲ್ಲ. ಅಷ್ಟೇ ಉದ್ದದ ಹೊಸ ಅರೇ ಒಂದನ್ನು ಕೊಡುತ್ತದೆ. ನಾನು ಎಡವಿದುದು ಈ ‘ಅಷ್ಟೇ ಉದ್ದ’ದಲ್ಲಿ. ಪ್ರತಿಸಲವೂ ಪಟೋರ ಕೊಂಡುಹೋಗುವ ಕ್ರಮವಿಲ್ಲದ್ದರಿಂದ ಅನೇಕ ಚೀಟಿಗಳಲ್ಲಿ ಆ ತಲೆಬರಹವೇ ಇರಲಿಲ್ಲ. ಇಲ್ಲದ ಪ್ರಾಪರ್ಟಿಯನ್ನು ಕೇಳಿದರೆ ಜಾವಾಸ್ಕ್ರಿಪ್ಟ್ ದೂರು ಹೇಳದೆ ‘ಅನ್‌ಡಿಫೈನ್ಡ್’ (ಅಂದರೆ ಇಲ್ಲದ್ದು) ಎಂಬುದನ್ನು ಆ ಜಾಗದಲ್ಲಿ ಇಟ್ಟು ಮುಂದೆ ಹೋಗುತ್ತದೆ. ಅಂತಹುದೊಂದನ್ನು ಸಂಖ್ಯೆಗೆ ಕೂಡಿಸಿದೊಡನೆ ಮೊತ್ತವೆಲ್ಲ ‘ನ್ಯಾನ್’, ಅಂದರೆ ಸಂಖ್ಯೆಯೇ ಅಲ್ಲದ್ದು, ಆಗಿಬಿಡುತ್ತದೆ. ಆದುದರಿಂದ ಮ್ಯಾಪ್ ಕೊಟ್ಟ ಅರೇಯಿಂದ ‘ಫಿಲ್ಟರ್’ ಮೂಲಕ ಅನ್‌ಡಿಫೈನ್ಡ್‌ಗಳನ್ನು ಹೆಕ್ಕಿ ತೆಗೆಯಬೇಕು. ಅದನ್ನೂ ನೋಡಿಕೊಂಡು ಬರೆಯಬೇಕು: ‘ತೂಕ ಇದೆಯೇ’ ಎಂದು ಮಾತ್ರ ಕೇಳಿದರೆ ಈ ಭಾಷೆ ಸೊನ್ನೆಯನ್ನೂ ‘ಇಲ್ಲ’ ಎಂದೇ ಎಣಿಸಿ ಎಸೆಯುತ್ತದೆ. ಮೊತ್ತಕ್ಕೆ ಅದರಿಂದ ಬಾಧೆಯಿಲ್ಲ, ಆದರೆ ಸರಾಸರಿ ತೆಗೆಯುವವರ ಲೆಕ್ಕ ಕೆಡುತ್ತದೆ. ಕೆಲವು ತೂಕಗಳು ಸಂಖ್ಯೆಯಾಗಿರದೆ ಅಕ್ಷರರೂಪದಲ್ಲಿದ್ದರೆ 25 ಮತ್ತು 30 ಕೂಡಿ 2530 ಆಗುವ ಸೋಜಿಗವೂ ಇದೆ. ಫಿಲ್ಟರ್ ಆದ ಮೇಲೆ, ಕೂಡಿಸುವ ಮೊದಲು ‘ನಂಬರ್’ ಎಂಬ ಫಂಕ್ಷನ್ನಿನಿಂದ ಅವನ್ನು ಸಂಖ್ಯೆಗೆ ತಿರುಗಿಸಿಕೊಳ್ಳಬೇಕು.

ಚೀಟಿಯ ಜಾಗದಲ್ಲಿ ಚೀಟಿಯೇ ಇಲ್ಲದೆ ಅನ್‌ಡಿಫೈನ್ಡ್ ಇದ್ದರೆ ಮಾತ್ರ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. 2020ರಲ್ಲಿ ಬಂದ ಪ್ರಶ್ನಾರ್ಥಕ ಚಿಹ್ನೆಯೊಡನೆಯ ಚುಕ್ಕೆ ಅದಕ್ಕೆ ಪರಿಹಾರ.

ಇಷ್ಟೆಲ್ಲ ಆದರೂ ನನ್ನ ಮೊತ್ತ ತಂದೆಯವರ ನೋಟುಪುಸ್ತಕದ ಪೆನ್ಸಿಲ್ ಲೆಕ್ಕಕ್ಕಿಂತ ಕಡಿಮೆಯೇ ಬರುತ್ತಿತ್ತು. ಹಳೆಯ ಫಾಂಟಿನ ಕಡತದಿಂದ ಪರಿವರ್ತಿಸಿ ತಂದ ಚೀಟಿಗಳಲ್ಲಿ ‘ಪಟೋರ’ ಇದ್ದರೂ ಕೈಗೆ ಬರುತ್ತಿದ್ದುದು ಅನ್‌ಡಿಫೈನ್ಡ್. ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ‘ಟೋ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಜಾವಾಸ್ಕ್ರಿಪ್ಟಿಗೆ ಮಾತ್ರ ಅವು ಬೇರೆ ಬೇರೆ ಹೆಸರುಗಳು. ಕಡತದ ಪಠ್ಯವನ್ನು ಚೀಟಿಗಳಾಗಿ ಬಿಡಿಸುವ ಮೊದಲೇ ಇಂತಹ ಎರಡು ಬರಹಗಳನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಜ್’ ಎಂಬ ಮೆಥಡ್‌ನಲ್ಲಿ ಒಮ್ಮೆ ಹಾಯಿಸಿದೆ. ತಪ್ಪಿಹೋಗಿದ್ದ ತೂಕಗಳು ಬಂದು ಸೇರಿದುವು, ಮೊತ್ತ ಪೆನ್ಸಿಲ್ ಲೆಕ್ಕಕ್ಕೆ ಕೂಡಿತು. ನಮಸ್ಕಾರ.