ಕಾಲೇಜಿನ ಲೆಕ್ಕದಲ್ಲಿ ನಮ್ಮ ಮನೆ ಯಾವ ರಾಜ್ಯದ್ದು?

ಕೇಳುಗರಿಗೆಲ್ಲ ನಮಸ್ಕಾರ.

ಆ ಪತ್ರ ನಮ್ಮ ಮನೆಗೆ ಬಂದದ್ದು ಮೇ ತಿಂಗಳಲ್ಲಿ. ಮಗಳಿಗೆ ಅಮೆರಿಕದಲ್ಲಿ ನಾವಿರುವ ಟೆಕ್ಸಾಸ್ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಮನೆಯಲ್ಲಿ ಪಾಯಸ ಮಾಡಿ ಎಲ್ಲರಿಗೂ ಫೋನ್ ಮಾಡಿ ಆಗಿತ್ತು. ಅದರ ಹಿಂದೆಯೇ ಈ ಪತ್ರ. ಅವಳ ಹೆಸರಿನ ಮುಂದೆ ಒಂದೇ ಒಂದು ಪದ: ನಾನ್ ರೆಸಿಡೆಂಟ್. ಅಂದರೆ ಹೊರಗಿನ ರಾಜ್ಯದವಳು. ಕೆಳಗೆ ಫೀಸಿನ ಮೊತ್ತ. ಅದನ್ನು ಓದಿ ನಮ್ಮನೆಯವರು ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು.

ಶಿವಮೊಗ್ಗದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲ ಕಣೇ, ನೀವು ಅಲ್ಲೇ ಇದ್ದೀರಲ್ಲ? ಮತ್ತೆ ಹೊರಗಿನವರು ಹೇಗಾಗ್ತೀರಿ?" ಅಂದಳು. ಅವಳು ಕೇಳಿದ್ದು ಸರಿಯಾಗೇ ಇತ್ತು. ಉತ್ತರ ಹುಡುಕಲು ನನಗೆ ಎರಡು ತಿಂಗಳು ಬೇಕಾಯಿತು. ಆಗ ಕಲಿತದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ಅಮೆರಿಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ನಡೆಸುವುದು ಆಯಾ ರಾಜ್ಯ. ಅಲ್ಲಿನ ಜನ ಕಟ್ಟುವ ತೆರಿಗೆಯ ಒಂದು ಪಾಲು ಕಾಲೇಜಿಗೆ ಹೋಗುತ್ತದೆ. ಹಾಗಾಗಿ ಆ ರಾಜ್ಯದ ಮಕ್ಕಳಿಗೆ ಕಡಿಮೆ ಫೀಸು, ಬೇರೆಯವರಿಗೆ ಜಾಸ್ತಿ. ಎಷ್ಟು ಜಾಸ್ತಿ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆಕ್ಕ ನೋಡಿ. 2024–25ರಲ್ಲಿ ಹೊರಗಿನ ರಾಜ್ಯದಿಂದ ಹೊಸದಾಗಿ ಬಂದು ಸೇರಿದ ಪದವಿ ವಿದ್ಯಾರ್ಥಿ, ಎಲ್ಲರೂ ಕಟ್ಟುವ ಫೀಸಿನ ಮೇಲೆ ಇನ್ನೂ 34,200 ಡಾಲರ್ ಕಟ್ಟಬೇಕಿತ್ತು. ಅದೂ ಒಂದು ವರ್ಷಕ್ಕೆ. ನಾಲ್ಕು ವರ್ಷಕ್ಕೆ ಗುಣಿಸಿದರೆ ಕೆಲವು ಊರುಗಳಲ್ಲಿ ಒಂದು ಸಣ್ಣ ಮನೆಯೇ ಬರುತ್ತದೆ.

ಹಾಗಾದರೆ ಯಾರು ರಾಜ್ಯದವರು? ನಮ್ಮ ಕರ್ನಾಟಕದಲ್ಲಿ ಸಿಇಟಿ ಬರೆಸಿದವರಿಗೆ ಸ್ಟಡಿ ಸರ್ಟಿಫಿಕೇಟ್ ಗೊತ್ತೇ ಇದೆ. ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿದ್ದಾನೆ ಎಂದು ಶಾಲೆಯವರು ಬರೆದುಕೊಡಬೇಕು, ಅದಕ್ಕೆ ಬಿಇಒ ಸಹಿ ಬೀಳಬೇಕು. ಅಕ್ಕ ತನ್ನ ಮಗನಿಗಾಗಿ ಆ ಸಹಿಗೆ ಮೂರು ದಿನ ಅಲೆದಿದ್ದಳು. ಅಲ್ಲಿ ಮುಖ್ಯವಾಗಿ ನೋಡುವುದು ಮಗು ಎಲ್ಲಿ ಓದಿತು ಅಂತ. ಅಮೆರಿಕದಲ್ಲಿ ನೋಡುವುದು ಮನೆ ಎಲ್ಲಿದೆ ಅಂತ. ಅದಕ್ಕೆ ಅವರು ಹೇಳುವ ಪದ ಡೊಮಿಸೈಲ್. ಇದರಲ್ಲಿ ಎರಡು ಮಾತು ಸೇರಿವೆ. ನೀವು ಆ ರಾಜ್ಯದಲ್ಲಿ ನಿಜವಾಗಿ ಇರಬೇಕು. ಮತ್ತು ಇಲ್ಲೇ ನೆಲೆ ನಿಲ್ಲುತ್ತೇನೆ ಎಂಬ ಮನಸ್ಸು ಇರಬೇಕು. ಹೆಚ್ಚಿನ ರಾಜ್ಯಗಳಲ್ಲಿ ಇದು ಒಂದು ವರ್ಷ ಪೂರ್ತಿ ಆಗಿರಬೇಕು. ಟೆಕ್ಸಾಸಿನಲ್ಲಿ 12 ತಿಂಗಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 366 ದಿನ.

ಇರುವುದನ್ನು ತೋರಿಸಬಹುದು. ಮನಸ್ಸನ್ನು ತೋರಿಸುವುದು ಹೇಗೆ? ಅಲ್ಲೇ ಇರುವುದು ಎಲ್ಲ ಕಷ್ಟ. ಮನಸ್ಸನ್ನು ಅವರು ಕಾಗದದಲ್ಲಿ ಓದುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಯಾವತ್ತು ಬದಲಾಯಿಸಿದಿರಿ, ಕಾರನ್ನು ಯಾವ ರಾಜ್ಯದಲ್ಲಿ ನೋಂದಾಯಿಸಿದಿರಿ, ಮನೆಯ ಲೀಸ್, ಅಂದರೆ ಬಾಡಿಗೆ ಕರಾರು, ಯಾರ ಹೆಸರಲ್ಲಿದೆ, ಸಂಬಳ ಎಲ್ಲಿ ಬಂತು, ರಾಜ್ಯಕ್ಕೆ ಆದಾಯ ತೆರಿಗೆ ಇದ್ದರೆ ಎಲ್ಲಿ ಕಟ್ಟಿದಿರಿ. ವೋಟರ್ ನೋಂದಣಿಯನ್ನೂ ಕೇಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಅದು ಅಮೆರಿಕದ ನಾಗರಿಕರಿಗೆ ಮಾತ್ರ. ವೀಸಾದಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು ಫಾರಂ ತುಂಬುವ ಭರದಲ್ಲಿ ಅದಕ್ಕೆ ಸಹಿ ಹಾಕಬೇಡಿ. ಮುಂದೆ ದೊಡ್ಡ ತೊಂದರೆ ಆಗುತ್ತದೆ.

ನಮ್ಮ ವಿಷಯದಲ್ಲಿ ಆದದ್ದು ಇಷ್ಟು. ನಾವು ನ್ಯೂಜೆರ್ಸಿಯಿಂದ ಟೆಕ್ಸಾಸಿಗೆ ಬಂದದ್ದು ಆಗಸ್ಟ್ ಕೊನೆಯಲ್ಲಿ. ಮೊದಲ ಎರಡು ತಿಂಗಳು ಸ್ನೇಹಿತರ ಮನೆಯ ಮಹಡಿಯಲ್ಲಿ ಇದ್ದೆವು. ಲೀಸ್ ಇಲ್ಲ, ಕರೆಂಟ್ ಬಿಲ್ ಇಲ್ಲ. ಸ್ವಂತ ಬಾಡಿಗೆ ಮನೆ ಆದಮೇಲೆ ನವೆಂಬರಿನಲ್ಲಿ ಲೈಸೆನ್ಸ್, ಕಾರು, ಎಲ್ಲ ಬದಲಾಯಿಸಿದೆವು. ಕಾಲೇಜಿನವರು ಆ ಕಾಗದ ನೋಡಿ, ನೀವು ನವೆಂಬರಿನಿಂದ ಇಲ್ಲಿದ್ದೀರಿ, ಸೆಪ್ಟೆಂಬರಿಗೆ 12 ತಿಂಗಳು ಆಗುವುದಿಲ್ಲ ಅಂದರು. ಫೋನಿನಲ್ಲಿದ್ದ ಹುಡುಗಿ, ಇನ್ನೇನೂ ಮಾಡಲು ಬರುವುದಿಲ್ಲ ಅಂತಲೂ ಹೇಳಿದಳು.

ಆದರೆ ಮಾಡಲು ಬರುತ್ತಿತ್ತು. ಇದನ್ನು ನಾನು ಒತ್ತಿ ಹೇಳಬೇಕು. ಅಂಥ ದಾರಿ ಇರುವುದಕ್ಕೆ ಒಬ್ಬ ವಿದ್ಯಾರ್ಥಿನಿ 50 ವರ್ಷಗಳ ಹಿಂದೆ ಹೂಡಿದ ದಾವೆಯೂ ಒಂದು ಕಾರಣ. ಮಾರ್ಗರೆಟ್ ಕ್ಲೈನ್ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದವರು. 1971ರಲ್ಲಿ ಕನೆಕ್ಟಿಕಟ್ ರಾಜ್ಯದವರನ್ನು ಮದುವೆಯಾಗಿ ಸ್ಟೋರ್ಸ್ ಎಂಬ ಊರಿಗೆ ಬಂದು, ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದರು. ಗಂಡನ ರಾಜ್ಯವೇ ಅದು. ಲೈಸೆನ್ಸ್ ಅಲ್ಲಿಯದು, ಕಾರು ಅಲ್ಲಿಯದು, ವೋಟು ಅಲ್ಲಿಯದು. ಆದರೂ ಅರ್ಜಿ ಹಾಕಿದ ದಿನ ವಿಳಾಸ ಹೊರಗಿತ್ತು ಎಂಬ ಒಂದೇ ಕಾರಣಕ್ಕೆ, ಓದು ಮುಗಿಯುವ ತನಕ ಹೊರಗಿನವರು ಎಂದು ಆ ರಾಜ್ಯದ ಕಾನೂನು ಹೇಳಿತು. ಅವರು ಇನ್ನೊಬ್ಬ ವಿದ್ಯಾರ್ಥಿನಿಯ ಜೊತೆ ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಒಂದು ವರ್ಷದ ನಿಯಮ ಇಟ್ಟುಕೊಳ್ಳಬಹುದು, ಆದರೆ ನಾನು ಇಲ್ಲಿಯವಳು ಎಂದು ಸಾಬೀತು ಮಾಡುವ ಅವಕಾಶವನ್ನೇ ಮುಚ್ಚುವ ಹಾಗಿಲ್ಲ, ಇದು ಆ ತೀರ್ಪಿನ ಸಾರ.

ನಾವು ಏನು ಮಾಡಿದೆವು? ಊಟದ ಮೇಜಿನ ಮೇಲೆ ಇದ್ದಬದ್ದ ಕಾಗದವನ್ನೆಲ್ಲ ಹರಡಿದೆವು. ಮಗಳು ಒಂದೊಂದನ್ನೂ ತಾರೀಖಿನ ಪ್ರಕಾರ ಜೋಡಿಸಿದಳು. ಎಲ್ಲಕ್ಕಿಂತ ಹಳೆಯದಾಗಿ ಸಿಕ್ಕಿದ್ದು ಅವಳ ಹೈಸ್ಕೂಲ್ ದಾಖಲಾತಿ ಫಾರಂ, ಆಗಸ್ಟ್ 26ರದ್ದು. ಮೂಲೆಯಲ್ಲಿ ಶಾಲೆಯ ನೀಲಿ ಸೀಲು, ಅರ್ಧ ಮಾಸಿತ್ತು. ಆಮೇಲೆ ನಮ್ಮನೆಯವರ ಆಫೀಸಿನ ಪತ್ರ, ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ. ಸಂಬಳದ ಚೀಟಿಗಳು. ಸ್ನೇಹಿತರು ಬರೆದುಕೊಟ್ಟ ಹೇಳಿಕೆ, ನೋಟರಿ ಸಹಿಯೊಂದಿಗೆ. ಟೆಕ್ಸಾಸಿನಲ್ಲಿ 12 ತಿಂಗಳನ್ನು ಎಣಿಸುವುದು ತರಗತಿ ಶುರುವಾದ ಮೇಲೆ ಬರುವ ಸೆನ್ಸಸ್ ಡೇಟ್ ಎಂಬ ದಿನದವರೆಗೆ. ಅದು ಸೆಪ್ಟೆಂಬರಿನಲ್ಲಿ ಬೀಳುತ್ತಿತ್ತು. ಕೆಲವೇ ದಿನಗಳ ಅಂತರದಲ್ಲಿ ನಮ್ಮ ಲೆಕ್ಕ ಕೂಡಿತು. ಅದನ್ನೆಲ್ಲ ಕಾಲೇಜಿಗೆ ಕಳಿಸಿದೆವು. ಮಗಳು ರಾಜ್ಯದವಳೇ ಎಂದು ತಿದ್ದಿದ ಪತ್ರ ಆಗಸ್ಟಿನಲ್ಲಿ ಬಂತು. ಅವತ್ತು ಪಾಯಸ ಮಾಡಲಿಲ್ಲ, ಸುಮ್ನೆ ಸೋಫಾದ ಮೇಲೆ ಕೂತುಬಿಟ್ಟೆ.

ನಮಗೆ ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿತ್ತು. ವೀಸಾದಲ್ಲಿರುವ ಮನೆಗಳ ಪಾಡು ಬೇರೆ. ಅದರ ಬಗ್ಗೆ ಹೇಳದೆ ಈ ಮಾತು ಪೂರ್ತಿ ಆಗುವುದಿಲ್ಲ.

ಎಫ್-1 ವೀಸಾ, ಅಂದರೆ ಓದಲು ಬಂದವರ ವೀಸಾ, ಊರಿಗೆ ವಾಪಸ್ ಹೋಗುತ್ತೇನೆ ಎಂಬ ಮಾತಿನ ಮೇಲೆಯೇ ಕೊಡುವಂಥದ್ದು. ಹಾಗಾಗಿ ಇಲ್ಲೇ ನೆಲೆ ನಿಲ್ಲುವ ಮನಸ್ಸು ಇದೆ ಎಂದು ಅವರು ಸಾಮಾನ್ಯವಾಗಿ ಹೇಳುವ ಹಾಗೇ ಇಲ್ಲ. ಕೆಲಸಕ್ಕೆ ಬಂದವರ ಎಚ್-1ಬಿ ವೀಸಾ ಮತ್ತು ಆ ಮನೆಯ ಮಕ್ಕಳ ಎಚ್-4 ವೀಸಾ ಹಾಗಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಸೇರಿ ಹಲವು ರಾಜ್ಯಗಳು ಅವರಿಗೂ ಇನ್‌ಸ್ಟೇಟ್ ಫೀಸಿನ, ಅಂದರೆ ರಾಜ್ಯದವರ ಕಡಿಮೆ ಫೀಸಿನ, ಬಾಗಿಲು ತೆರೆದಿವೆ. ಇದರ ಹಿಂದೆಯೂ ಒಂದು ಕೇಸಿನ ನೆರಳು ಇದೆ. ಅಂತರರಾಷ್ಟ್ರೀಯ ಬ್ಯಾಂಕುಗಳಂಥ ಸಂಸ್ಥೆಗಳಲ್ಲಿ ದುಡಿಯುವವರ ಮಕ್ಕಳಿಗೆ, ಜಿ-4 ವೀಸಾ ಎಂಬ ಕಾರಣಕ್ಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಕಡಿಮೆ ಫೀಸು ಕೊಟ್ಟಿರಲಿಲ್ಲ. 1982ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತು. ಕೇಂದ್ರ ಸರ್ಕಾರವೇ ಇಲ್ಲಿ ನೆಲೆಸಲು ಬಿಟ್ಟಿರುವಾಗ ರಾಜ್ಯದ ವಿಶ್ವವಿದ್ಯಾಲಯ ಅವರ ಮೇಲೆ ಹೆಚ್ಚಿನ ಹೊರೆ ಹಾಕುವ ಹಾಗಿಲ್ಲ ಎಂದಿತು.

ಎಚ್-4 ಮಕ್ಕಳಿಗೆ ಈ ರಿಯಾಯಿತಿ ಯಾಕೆ ಇಷ್ಟು ಮುಖ್ಯ ಗೊತ್ತಾ? ಕೇಂದ್ರದ ವಿದ್ಯಾರ್ಥಿ ನೆರವು ಅವರಿಗೆ ಸಿಗುವುದಿಲ್ಲ. ಕೆಲಸ ಮಾಡಿ ನಾಲ್ಕು ಕಾಸು ಸಂಪಾದಿಸೋಣ ಅಂದರೆ ಅದಕ್ಕೂ ಅನುಮತಿ ಇಲ್ಲ. ಅಪ್ಪ ಅಮ್ಮನ ಉಳಿತಾಯವೇ ಗತಿ. ಜೊತೆಗೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ನಮ್ಮ ಬೀದಿಯ ಹುಡುಗನೊಬ್ಬ ಮೂರನೇ ವಯಸ್ಸಿಗೆ ಇಲ್ಲಿಗೆ ಬಂದವನು. ಕನ್ನಡ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಡೊಳ್ಳು ಬಾರಿಸುತ್ತಾನೆ. ಕಾಲೇಜಿನ ಮೂರನೇ ವರ್ಷದಲ್ಲಿ 21 ಆಯಿತು, ಎಫ್-1ಗೆ ಬದಲಾಯಿಸಬೇಕಾಯಿತು. ಅದೇ ಮನೆ, ಅದೇ ಕೋಣೆ, ಅದೇ ಅಪ್ಪ ಅಮ್ಮ. ಆದರೆ ಕಾಗದದ ಮೇಲೆ ಈಗ ಅವನು ವಾಪಸ್ ಹೋಗಲು ಬಂದವನು. ಕೆಲವು ಕಡೆ ಅಷ್ಟಕ್ಕೇ ಫೀಸು ಬದಲಾಗುತ್ತದೆ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಹೈಸ್ಕೂಲ್ ಪೂರ್ತಿ ಆ ರಾಜ್ಯದಲ್ಲೇ ಓದಿದ ಮಗುವಿಗೆ ಆ ಓದೇ ಸಾಕ್ಷಿ ಆಗಬೇಕು. ಈ ಒಂದು ವಿಷಯದಲ್ಲಿ ನಮ್ಮ ಸ್ಟಡಿ ಸರ್ಟಿಫಿಕೇಟ್ ಎಷ್ಟೋ ವಾಸಿ.

ಇನ್ನು ಸುಮಾರು ಜನ ಕೇಳುವುದು: "ಚಿಕ್ಕಪ್ಪ ಕ್ಯಾಲಿಫೋರ್ನಿಯಾದಲ್ಲಿ ಇದ್ದಾರೆ, ಅವರ ವಿಳಾಸ ಹಾಕಿದರೆ ಆಗಲ್ವಾ?" ಆಗುವುದಿಲ್ಲ. ಮಗುವಿನ ಮನೆ ಅಪ್ಪ ಅಮ್ಮನ ಮನೆ ಎಂದೇ ಸಾಮಾನ್ಯವಾಗಿ ಲೆಕ್ಕ. ಓದುವುದಕ್ಕೆಂದೇ ಬಂದು ಒಂದು ವರ್ಷ ಕಳೆದರೂ ಅದನ್ನು ನೆಲೆ ಎಂದು ಸುಲಭಕ್ಕೆ ಒಪ್ಪುವುದಿಲ್ಲ. ಸುಳ್ಳು ವಿಳಾಸ ಸಿಕ್ಕಿಬಿದ್ದರೆ ಸೀಟಿಗೇ ಕುತ್ತು. ಅದರ ಬದಲು ಪಶ್ಚಿಮದ ರಾಜ್ಯಗಳ ಒಪ್ಪಂದ ಇದೆ, ಅದನ್ನು ನೋಡಿ. ಅದರಲ್ಲಿ ಸೇರಿದ ಕಾಲೇಜುಗಳಲ್ಲಿ, ಆ ರಿಯಾಯಿತಿ ಸಿಕ್ಕ, ಒಪ್ಪಂದದ ಬೇರೆ ರಾಜ್ಯಗಳ ಮಕ್ಕಳು ಇನ್‌ಸ್ಟೇಟ್ ಫೀಸಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಕಟ್ಟಬೇಕಿಲ್ಲ.

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿಗೆ ಹಾಸನದ ಕಡೆಯವರೊಬ್ಬರು ಹೊಸದಾಗಿ ಬಂದರು. ಮಗ ಹನ್ನೊಂದನೇ ತರಗತಿ. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ತಿಂಡಿ ಕೊಡಲು ಹೋದವಳು ಒಂದು ಖಾಲಿ ಫೈಲನ್ನೂ ಕೈಗೆ ಕೊಟ್ಟು ಬಂದೆ. ಲೀಸ್ ಪ್ರತಿ, ಮೊದಲ ಕರೆಂಟ್ ಬಿಲ್ಲು, ಶಾಲೆಯ ಫಾರಂ, ಮೊದಲ ಸಂಬಳದ ಚೀಟಿ, ನಾಲ್ಕನ್ನೂ ಇದರಲ್ಲಿ ಹಾಕಿಡಿ, ಈ ವಾರವೇ ಲೈಸೆನ್ಸಿಗೆ ಹೋಗಿ ಅಂದೆ. ನಿನ್ನೆ ಆಕೆ ಬಾಗಿಲು ತಟ್ಟಿ ಫೈಲ್ ತೋರಿಸಿದರು. ಮೂರು ಕಾಗದ ಆಗಲೇ ಸೇರಿದ್ದವು.

ನಮಸ್ಕಾರ.